ಸ್ಟೋರ್ಡ್ ಪ್ರೊಸೀಜರ್ ಕೊಟ್ಟ ಸಾಲುಗಳನ್ನು ಆಕ್ಸೆಸ್ ಫಾರ್ಮ್‌ನಲ್ಲಿ ತೋರಿಸುವುದು ಹೇಗೆ?

ಗೋದಾಮು_ಗ್ರಿಡ್

ಎಲ್ಲರಿಗೂ ನಮಸ್ಕಾರ. ಡೇಟಾ ಎಲ್ಲಾ ಎಸ್‌ಕ್ಯುಎಲ್ ಸರ್ವರ್ ಎಂಬ ಮೈಕ್ರೋಸಾಫ್ಟ್ ಡೇಟಾಬೇಸ್‌ನಲ್ಲಿದೆ, ಪರದೆಗಳೆಲ್ಲ ಅದೇ ಕಂಪನಿಯ ಆಕ್ಸೆಸ್‌ನಲ್ಲಿವೆ. ದಾಸ್ತಾನು ನೋಡಿಕೊಳ್ಳುವ ಅಪ್ಲಿಕೇಶನ್. ಟೇಬಲ್‌ಗಳನ್ನು ಒಡಿಬಿಸಿ (ಎರಡನ್ನೂ ಜೋಡಿಸುವ ಕೊಂಡಿ) ಮೂಲಕ ಲಿಂಕ್ ಮಾಡಿದ್ದೇವೆ, ಅವು ಚೆನ್ನಾಗಿಯೇ ಕೆಲಸ ಮಾಡುತ್ತಿವೆ.

ಈಗ ಸರ್ವರ್ ನೋಡಿಕೊಳ್ಳುವವರು ಒಂದು ಸ್ಟೋರ್ಡ್ ಪ್ರೊಸೀಜರ್, ಅಂದರೆ ಸರ್ವರ್‌ನಲ್ಲೇ ಉಳಿಸಿಟ್ಟ ಆಜ್ಞೆಗಳ ಗುಂಪು, ಬರೆದುಕೊಟ್ಟಿದ್ದಾರೆ. ಎರಡು ತಾರೀಕು ಮತ್ತು ಒಂದು ಗೋದಾಮಿನ ಕೋಡ್ ಕೊಟ್ಟರೆ ಸಾಕು. ಆ ಅವಧಿಯಲ್ಲಿ ಯಾವ ವಸ್ತು ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ ಸಾಲು ಸಾಲಾಗಿ ಕೊಡುತ್ತದೆ. ಸರ್ವರ್‌ನ ಸ್ವಂತ ಪರಿಕರ ಮ್ಯಾನೇಜ್‌ಮೆಂಟ್ ಸ್ಟುಡಿಯೊದಲ್ಲಿ ಓಡಿಸಿದರೆ ಫಲಿತಾಂಶ ಸರಿಯಾಗಿದೆ. ಅದನ್ನು ಆಕ್ಸೆಸ್ ಫಾರ್ಮ್‌ನಲ್ಲಿ ಗ್ರಿಡ್ ರೂಪದಲ್ಲಿ ತೋರಿಸಬೇಕು. ಅಲ್ಲೇ ಸಿಕ್ಕಿಕೊಂಡಿದ್ದೇನೆ.

ಟೇಬಲ್ ಲಿಂಕ್ ಮಾಡುವ ಪಟ್ಟಿಯಲ್ಲಿ ಪ್ರೊಸೀಜರ್ ಕಾಣಿಸುವುದೇ ಇಲ್ಲ. ವಿಬಿಎಯಲ್ಲಿ (ಆಕ್ಸೆಸ್ ಒಳಗಿನ ಪ್ರೋಗ್ರಾಂ ಭಾಷೆ) ಎಡಿಒ (ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿ) ಕಮಾಂಡ್ ಬರೆದೆ. ಅದು ಯಾವ ತಕರಾರೂ ಇಲ್ಲದೆ ಓಡುತ್ತದೆ. ಆದರೆ ಬಂದ ರೆಕಾರ್ಡ್‌ಸೆಟ್ (ಸಾಲುಗಳ ಕಟ್ಟು) ಓದಲು ಹೋದ ತಕ್ಷಣ 3704 ಎರರ್. ರೆಕಾರ್ಡ್‌ಸೆಟ್ ಮುಚ್ಚಿದೆ ಎನ್ನುತ್ತದೆ. ಸರ್ವರ್‌ನಲ್ಲಿ ಸಾಲು ಬರುತ್ತಿರುವಾಗ ಇಲ್ಲಿ ಯಾಕೆ ಮುಚ್ಚಿಕೊಂಡಿದೆ?

ಕ್ವೆರಿಕಾರ

ಪ್ರೊಸೀಜರ್ ಒಳಗೆ ಮೊದಲು ಒಂದು ಟೆಂಪ್ ಟೇಬಲ್ (ತಾತ್ಕಾಲಿಕ ಟೇಬಲ್) ತುಂಬಿಸಿ, ಆಮೇಲೆ ಸೆಲೆಕ್ಟ್ ಮಾಡುತ್ತಿದ್ದಾರೆ, ಅಲ್ವಾ? ಹಾಗಿದ್ದರೆ ಕಾರಣ ಸುಲಭ. ಇನ್ಸರ್ಟ್ ಆದಾಗ "ಇಷ್ಟು ಸಾಲು ಸೇರಿತು" ಅಂತ ಸರ್ವರ್ ಒಂದು ಲೆಕ್ಕ ಕಳಿಸುತ್ತದೆ. ಎಡಿಒ ಅದನ್ನೇ ಮೊದಲ ಫಲಿತಾಂಶ ಅಂದುಕೊಳ್ಳುತ್ತದೆ. ಅದರಲ್ಲಿ ಕಾಲಂ ಇಲ್ಲ, ಸಾಲೂ ಇಲ್ಲ. ಹಾಗಾಗಿ ಮುಚ್ಚಿದ ರೆಕಾರ್ಡ್‌ಸೆಟ್ ನಿಮ್ಮ ಕೈಗೆ ಸಿಗುತ್ತದೆ. ನಿಜವಾದ ಸಾಲುಗಳು ಅದರ ಹಿಂದೆ ಕಾಯುತ್ತಿರುತ್ತವೆ.

ಪ್ರೊಸೀಜರ್‌ನ ಮೊದಲ ಸಾಲಾಗಿ ಸೆಟ್ ನೋಕೌಂಟ್ ಆನ್ ಹಾಕಿಸಿ. ಲೆಕ್ಕ ಬರುವುದು ನಿಲ್ಲುತ್ತದೆ. ಪ್ರೊಸೀಜರ್ ಮುಟ್ಟಲು ಸಾಧ್ಯವೇ ಇಲ್ಲದಿದ್ದರೆ ನೆಕ್ಸ್ಟ್‌ರೆಕಾರ್ಡ್‌ಸೆಟ್ ಮೆಥಡ್ ಕರೆದು ಮುಂದಿನದಕ್ಕೆ ಹೋಗಬಹುದು. ಆದರೆ ನಾಳೆ ಯಾರಾದರೂ ಒಳಗೆ ಇನ್ನೊಂದು ಇನ್ಸರ್ಟ್ ಸೇರಿಸಿದರೆ ಅದು ಕೈಕೊಡುತ್ತದೆ. ಮೊದಲನೆಯದೇ ಒಳ್ಳೆಯದು.

ಸಾಲು_ಕಂಬ

ಕ್ವೆರಿಕಾರ ಹೇಳಿದ್ದು ಸರಿ. ಇದೇ ತೊಂದರೆ ಪಾಸ್-ಥ್ರೂ ಕ್ವೆರಿಯಲ್ಲಿ ಬಂದರೆ ಎರರ್ ಸಂಖ್ಯೆ 3325 ಆಗಿರುತ್ತದೆ. ಕ್ವೆರಿ ಯಾವ ರೆಕಾರ್ಡನ್ನೂ ಕೊಡಲಿಲ್ಲ ಎನ್ನುತ್ತದೆ. ಎರಡಕ್ಕೂ ಬೇರು ಒಂದೇ.

ಆದರೆ ಗೋದಾಮು_ಗ್ರಿಡ್ ಅವರೇ, ಕೋಡ್ ಬರೆಯುವ ಮೊದಲು ಒಂದು ವಿಷಯ ತೀರ್ಮಾನಿಸಿ. ಈ ಗ್ರಿಡ್ ಬರೀ ನೋಡುವುದಕ್ಕಾ? ಅಥವಾ ಬಳಸುವವರು ಅಲ್ಲೇ ತಿದ್ದಬೇಕಾ? ನಿಮ್ಮದು ಬಂದದ್ದು, ಹೋದದ್ದು, ಉಳಿದದ್ದು. ಎಲ್ಲವೂ ಕೂಡಿ ಕಳೆದು ಬಂದ ಮೊತ್ತಗಳು. ಅವನ್ನು ತಿದ್ದುವುದಕ್ಕೆ ಅರ್ಥವೇ ಇಲ್ಲ. ಬರೀ ನೋಡುವುದಕ್ಕೆ ಅಂದರೆ ಪಾಸ್-ಥ್ರೂ ಕ್ವೆರಿ ಸಾಕು. ಅದೇ ಎಲ್ಲಕ್ಕಿಂತ ಸರಳವಾದ ದಾರಿ.

ಸಾಮಾನ್ಯ ಆಕ್ಸೆಸ್ ಕ್ವೆರಿಯನ್ನು ಮೊದಲು ಆಕ್ಸೆಸ್‌ನ ಎಂಜಿನ್ ಓದಿ ಅರ್ಥ ಮಾಡಿಕೊಳ್ಳುತ್ತದೆ. ಪಾಸ್-ಥ್ರೂ ಕ್ವೆರಿಯಲ್ಲಿ ಹಾಗಲ್ಲ. ನೀವು ಬರೆದ ಪಠ್ಯ ಇದ್ದ ಹಾಗೇ ಸರ್ವರ್‌ಗೆ ಹೋಗುತ್ತದೆ. ಅದಕ್ಕೇ ಅಲ್ಲಿ ಎಕ್ಸೆಕ್ ಅಂತ ಬರೆದು ಪ್ರೊಸೀಜರ್ ಹೆಸರು, ಪ್ಯಾರಾಮೀಟರ್‌ಗಳನ್ನು ಕೊಡಬಹುದು.

ಮಾಡುವುದು ಹೀಗೆ. ಹೊಸ ಕ್ವೆರಿ ತೆರೆಯಿರಿ. ಯಾವ ಟೇಬಲ್ಲೂ ಸೇರಿಸಬೇಡಿ. ಡಿಸೈನ್ ಮೆನುವಿನಲ್ಲಿ ಪಾಸ್-ಥ್ರೂ ಆರಿಸಿ. ಪ್ರಾಪರ್ಟಿ ಶೀಟ್‌ನಲ್ಲಿ ಒಡಿಬಿಸಿ ಕನೆಕ್ಟ್ ಸ್ಟ್ರಿಂಗ್ ತುಂಬಬೇಕು. ಅದನ್ನು ಕೈಯಿಂದ ಟೈಪ್ ಮಾಡುವ ಬದಲು, ಈಗಾಗಲೇ ಕೆಲಸ ಮಾಡುತ್ತಿರುವ ಒಂದು ಲಿಂಕ್ಡ್ ಟೇಬಲ್‌ನ ಕನೆಕ್ಟ್ ಪ್ರಾಪರ್ಟಿಯಿಂದ ಹಾಗೇ ತೆಗೆದುಕೊಳ್ಳಿ. ರಿಟರ್ನ್ಸ್ ರೆಕಾರ್ಡ್ಸ್ ಎಂಬುದು ಯೆಸ್ ಆಗಿರಲಿ. ಸೇವ್ ಮಾಡಿ ಓಡಿಸಿ. ಡೇಟಾಶೀಟ್‌ನಲ್ಲಿ ಸಾಲುಗಳು ಬಂದರೆ ಅರ್ಧ ಕೆಲಸ ಮುಗಿಯಿತು. ಆಮೇಲೆ ಫಾರ್ಮ್‌ನ ರೆಕಾರ್ಡ್ ಸೋರ್ಸ್‌ಗೆ ಆ ಕ್ವೆರಿಯ ಹೆಸರು ಕೊಡಿ. ಪಟ್ಟಿ ಪೆಟ್ಟಿಗೆಗೆ ಅಥವಾ ಕಾಂಬೊಗೆ ಬೇಕಿದ್ದರೆ ರೋ ಸೋರ್ಸ್‌ಗೆ ಅದೇ ಹೆಸರು ಕೊಟ್ಟರೂ ನಡೆಯುತ್ತದೆ.

ಕನೆಕ್ಟ್ ಸ್ಟ್ರಿಂಗ್‌ನಲ್ಲಿ ಪಾಸ್‌ವರ್ಡ್ ಬರೆದು ಉಳಿಸಬೇಡಿ. ಫೈಲ್ ತೆರೆದವರೆಲ್ಲರಿಗೂ ಅದು ಕಾಣಿಸುತ್ತದೆ. ವಿಂಡೋಸ್ ಲಾಗಿನ್ ಮೂಲಕವೇ ಸರ್ವರ್‌ಗೆ ಹೋಗುವಂತಿದ್ದರೆ ಈ ಚಿಂತೆಯೇ ಇಲ್ಲ.

ಗೋದಾಮು_ಗ್ರಿಡ್

ನೋಕೌಂಟ್ ಹಾಕಿಸಿದೆ, 3704 ಹೋಯಿತು! ಇಬ್ಬರಿಗೂ ಧನ್ಯವಾದ. ಹೌದು, ಒಳಗೆ ಟೆಂಪ್ ಟೇಬಲ್ ಇದೆ.

ಪಾಸ್-ಥ್ರೂ ಕ್ವೆರಿಯನ್ನೂ ಮಾಡಿದೆ. ತಾರೀಕುಗಳನ್ನು ಕ್ವೆರಿಯಲ್ಲೇ ಬರೆದರೆ ಸಾಲುಗಳು ಬರುತ್ತವೆ. ಆದರೆ ಬಳಸುವವರು ಫಾರ್ಮ್‌ನ ಮೇಲಿರುವ ಪೆಟ್ಟಿಗೆಗಳಲ್ಲಿ ತಾರೀಕು ಆರಿಸಬೇಕು. ಬೇರೆ ಕ್ವೆರಿಗಳಲ್ಲಿ ಮಾಡುವ ಹಾಗೆ ಫಾರ್ಮ್ ಮತ್ತು ಕಂಟ್ರೋಲ್ ಹೆಸರನ್ನು ಚೌಕ ಕಂಸದಲ್ಲಿ ಬರೆದೆ. ಸಿಂಟ್ಯಾಕ್ಸ್ ತಪ್ಪು ಅಂತ ಸರ್ವರ್ ಹೇಳುತ್ತಿದೆ.

ಸಾಲು_ಕಂಬ

ಸರ್ವರ್‌ಗೆ ನಿಮ್ಮ ಫಾರ್ಮ್ ಬಗ್ಗೆ ಏನೂ ಗೊತ್ತಿಲ್ಲ, ಅದಕ್ಕೇ. ಪಠ್ಯ ಇದ್ದ ಹಾಗೇ ಹೋಗುತ್ತದೆ ಎಂದೆನಲ್ಲ, ಚೌಕ ಕಂಸವೂ ಹಾಗೇ ಹೋಗಿದೆ. ಪಾಸ್-ಥ್ರೂ ಕ್ವೆರಿಗೆ ಆಕ್ಸೆಸ್ ಕಡೆಯಿಂದ ಪ್ಯಾರಾಮೀಟರ್ ಕೊಡಲು ಬರುವುದೇ ಇಲ್ಲ. ಪ್ರತಿ ಸಲ ಅದರ ಪಠ್ಯವನ್ನೇ ಬದಲಿಸಬೇಕು.

ಬಟನ್ ಒತ್ತಿದಾಗ ವಿಬಿಎ ಮೂರು ಕೆಲಸ ಮಾಡಲಿ. ಪೆಟ್ಟಿಗೆಗಳಲ್ಲಿರುವ ಮೌಲ್ಯಗಳನ್ನು ಸೇರಿಸಿ ಎಕ್ಸೆಕ್ ವಾಕ್ಯ ಕಟ್ಟಲಿ. ಉಳಿಸಿದ ಕ್ವೆರಿಯ ಕ್ವೆರಿಡೆಫ್ (ಕೋಡ್‌ನಲ್ಲಿ ಆ ಕ್ವೆರಿಯನ್ನು ಹಿಡಿಯುವ ಆಬ್ಜೆಕ್ಟ್) ತೆಗೆದು ಅದರ ಎಸ್‌ಕ್ಯುಎಲ್ ಪ್ರಾಪರ್ಟಿಗೆ ಆ ವಾಕ್ಯವನ್ನು ಹಾಕಲಿ. ಆಮೇಲೆ ಫಾರ್ಮ್‌ನ ರೆಕಾರ್ಡ್ ಸೋರ್ಸ್‌ಗೆ ಅದೇ ಕ್ವೆರಿಯ ಹೆಸರನ್ನು ಮತ್ತೊಮ್ಮೆ ಕೊಡಲಿ. ಈ ಕೊನೆಯ ಹೆಜ್ಜೆ ಬಿಡಬೇಡಿ. ತೆರೆದಿರುವ ಫಾರ್ಮ್ ಹಳೇ ವಾಕ್ಯವನ್ನೇ ಹಿಡಿದುಕೊಂಡಿರುತ್ತದೆ.

ವಾಕ್ಯ ಕಟ್ಟುವಾಗ ಜಾಸ್ತಿ ಎಚ್ಚರ ಬೇಕು. ಹೆಚ್ಚಿನ ದೂರುಗಳು ಹುಟ್ಟುವುದು ಇಲ್ಲೇ.

ತಾರೀಕಿಗೆ ಆಕ್ಸೆಸ್‌ನಲ್ಲಿ ಎರಡೂ ಕಡೆ ಹ್ಯಾಶ್ ಚಿಹ್ನೆ ಹಾಕುವ ಅಭ್ಯಾಸ ಇರುತ್ತದೆ. ಸರ್ವರ್‌ಗೆ ಅದು ಬೇಡ, ಒಂಟಿ ಉದ್ಧರಣ ಚಿಹ್ನೆ ಬೇಕು. ಅದಕ್ಕಿಂತ ಮುಖ್ಯವಾದದ್ದು ತಾರೀಕಿನ ರೂಪ. ವರ್ಷ, ತಿಂಗಳು, ದಿನ ಮೂರನ್ನೂ ಒಟ್ಟಿಗೆ ಸೇರಿಸಿ ಎಂಟು ಅಂಕಿ ಮಾಡಿ. ಉದಾಹರಣೆಗೆ 20240305. ಇದನ್ನು ಎಸ್‌ಕ್ಯುಎಲ್ ಸರ್ವರ್ ಯಾವ ಭಾಷೆಯ ಸೆಟ್ಟಿಂಗ್‌ನಲ್ಲಿದ್ದರೂ ಮಾರ್ಚ್ 5 ಎಂದೇ ಓದುತ್ತದೆ. ನಡುವೆ ಗೆರೆ ಹಾಕಿ 2024-03-05 ಅಂತ ಬರೆದರೂ ಸರಿ ಅಂದುಕೊಳ್ಳುತ್ತೇವೆ. ಆದರೆ ಪ್ಯಾರಾಮೀಟರ್ ಹಳೇ ಡೇಟ್‌ಟೈಮ್ ಬಗೆಯದಾಗಿದ್ದು, ಲಾಗಿನ್‌ನ ಭಾಷೆ ಬ್ರಿಟಿಷ್ ಇಂಗ್ಲಿಷ್ ಆಗಿದ್ದರೆ, ಅದು ಮೇ 3 ಆಗಿಬಿಡುತ್ತದೆ. ಎರರ್ ಬರುವುದಿಲ್ಲ, ಬೇರೆ ತಿಂಗಳ ಸಾಲುಗಳು ಬರುತ್ತವೆ. ಇಂಥ ತಪ್ಪು ಕಣ್ಣಿಗೆ ಬೀಳುವುದು ಬಹಳ ತಡವಾಗಿ.

ಪೆಟ್ಟಿಗೆ ಖಾಲಿ ಇದ್ದರೆ ಅದರ ಮೌಲ್ಯ ನಲ್, ಅಂದರೆ ಏನೂ ಇಲ್ಲ. ಅದನ್ನು ವಾಕ್ಯಕ್ಕೆ ಸೇರಿಸಿದರೆ ಏನೂ ಸೇರುವುದಿಲ್ಲ. ಪ್ಯಾರಾಮೀಟರ್ ಹೆಸರು, ಸಮ ಚಿಹ್ನೆ, ಆಮೇಲೆ ಸೀದಾ ಅಲ್ಪವಿರಾಮ. ಮತ್ತೆ ಸಿಂಟ್ಯಾಕ್ಸ್ ಎರರ್. ಖಾಲಿ ಇದ್ದಾಗ ನಲ್ ಅನ್ನುವ ಪದವನ್ನೇ ಬರೆಯುವಂತೆ ಒಂದು ಸಣ್ಣ ಫಂಕ್ಷನ್ ಮಾಡಿಟ್ಟುಕೊಳ್ಳಿ.

ದಶಮಾಂಶ ಇರುವ ಸಂಖ್ಯೆ ಇದ್ದರೆ ಸ್ಟರ್ ಫಂಕ್ಷನ್ ಬಳಸಿ ಪಠ್ಯ ಮಾಡಿ. ಸುಮ್ನೆ ಸೇರಿಸಿದರೆ ಕಂಪ್ಯೂಟರ್‌ನ ಪ್ರಾದೇಶಿಕ ಸೆಟ್ಟಿಂಗ್ ನೋಡಿ ಕೆಲವು ಕಡೆ ಚುಕ್ಕೆಯ ಬದಲು ಅಲ್ಪವಿರಾಮ ಬರುತ್ತದೆ. ಸರ್ವರ್ ಅದನ್ನು ಇನ್ನೊಂದು ಪ್ಯಾರಾಮೀಟರ್ ಅಂದುಕೊಳ್ಳುತ್ತದೆ.

ಪಠ್ಯದ ಒಳಗೆ ಒಂಟಿ ಉದ್ಧರಣ ಚಿಹ್ನೆ ಬಂದರೆ ಅದನ್ನು ಎರಡು ಮಾಡಬೇಕು. ಇದು ಎರರ್ ತಪ್ಪಿಸುವುದಕ್ಕಷ್ಟೇ ಅಲ್ಲ. ಎರಡು ಮಾಡದೆ ಬಿಟ್ಟರೆ, ಯಾರು ಬೇಕಾದರೂ ಪೆಟ್ಟಿಗೆಯೊಳಗೆ ಡಿಲೀಟ್ ವಾಕ್ಯ ಬರೆದು ನಿಮ್ಮ ಸರ್ವರ್‌ನಲ್ಲಿ ಓಡಿಸಬಹುದು.

ಇನ್ನೊಂದು. ಪಠ್ಯ ಕನ್ನಡದಲ್ಲಿದ್ದರೆ ಉದ್ಧರಣ ಚಿಹ್ನೆಯ ಮುಂದೆ ದೊಡ್ಡಕ್ಷರದ ಎನ್ ಹಾಕಲೇಬೇಕು. ಪ್ಯಾರಾಮೀಟರ್ ಮತ್ತು ಕಾಲಂ ಎರಡೂ ಎನ್‌ವಾರ್‌ಚಾರ್ (ಯುನಿಕೋಡ್ ಪಠ್ಯದ ಬಗೆ) ಆಗಿರಬೇಕು. ಇಲ್ಲದಿದ್ದರೆ ವಸ್ತುವಿನ ಹೆಸರು ಪ್ರಶ್ನಾರ್ಥಕ ಚಿಹ್ನೆಗಳಾಗಿ ಸರ್ವರ್‌ಗೆ ತಲುಪುತ್ತದೆ, ಹುಡುಕಿದರೆ ಏನೂ ಸಿಗುವುದಿಲ್ಲ. ವಿಬಿಎ ಎಡಿಟರ್ ಒಳಗೂ ಕನ್ನಡ ಅಕ್ಷರ ನಿಲ್ಲುವುದಿಲ್ಲ. ಹಾಗಾಗಿ ಪರೀಕ್ಷೆ ಮಾಡುವಾಗ ಹೆಸರನ್ನು ಕೋಡ್‌ನಲ್ಲಿ ಬರೆಯಬೇಡಿ. ಫಾರ್ಮ್‌ನ ಪೆಟ್ಟಿಗೆಯಿಂದಲೇ ತೆಗೆದುಕೊಳ್ಳಿ. ಆಕ್ಸೆಸ್‌ನ ಫಾರ್ಮ್‌ಗಳು ಯುನಿಕೋಡನ್ನು ಸರಿಯಾಗಿ ಹಿಡಿದಿಡುತ್ತವೆ.

ಕ್ವೆರಿಕಾರ

ಸಾಲು_ಕಂಬ ಅವರೇ, ನೀವು ಬರೆದ ಪಟ್ಟಿಯನ್ನು ನೀವೇ ಇನ್ನೊಮ್ಮೆ ಓದಿ. ತಾರೀಕಿನ ರೂಪ, ನಲ್, ದಶಮಾಂಶ, ಉದ್ಧರಣ ಚಿಹ್ನೆ, ಎನ್. ಇಷ್ಟೂ ತೊಂದರೆ ಬಂದದ್ದು ವಾಕ್ಯವನ್ನು ಕೈಯಿಂದ ಕಟ್ಟುವುದರಿಂದ. ಎಡಿಒ ಕಮಾಂಡ್‌ನಲ್ಲಿ ಪ್ಯಾರಾಮೀಟರ್ ಬಗೆ ಹೇಳಿ ಮೌಲ್ಯ ಕೊಟ್ಟರೆ ಇವ್ಯಾವುದೂ ಇಲ್ಲ. ತಾರೀಕು ತಾರೀಕಾಗಿಯೇ ಹೋಗುತ್ತದೆ, ನಲ್ ನಲ್ ಆಗಿಯೇ ಹೋಗುತ್ತದೆ.

ಆ ರೆಕಾರ್ಡ್‌ಸೆಟ್ ಅನ್ನು ಫಾರ್ಮ್‌ನ ರೆಕಾರ್ಡ್‌ಸೆಟ್ ಪ್ರಾಪರ್ಟಿಗೆ ಸೆಟ್ ಮಾಡಿದರೆ ಗ್ರಿಡ್ ತುಂಬಿಕೊಳ್ಳುತ್ತದೆ. ಗೋದಾಮು_ಗ್ರಿಡ್ ಅವರು ಒಂದು ವಿಷಯ ಗಮನಿಸಬೇಕು. ಕರ್ಸರ್ ಲೊಕೇಶನ್ (ಸಾಲುಗಳನ್ನು ಎಲ್ಲಿ ಹಿಡಿದಿಡಬೇಕು ಎಂಬುದು) ಏನೂ ಹೇಳದಿದ್ದರೆ ಸರ್ವರ್ ಕಡೆಯದಾಗಿರುತ್ತದೆ, ಅದರ ಸಂಖ್ಯೆ 2. ಅದನ್ನು 3 ಮಾಡಿ, ಅಂದರೆ ಕ್ಲೈಂಟ್ ಕಡೆಗೆ ತನ್ನಿ. ಕಮಾಂಡ್‌ನ ಎಕ್ಸಿಕ್ಯೂಟ್ ಮೆಥಡ್ ಬಳಸಬೇಡಿ. ಸಾಮಾನ್ಯವಾಗಿ ಅದು ಮುಂದಕ್ಕೆ ಮಾತ್ರ ಹೋಗುವ, ಓದಲು ಮಾತ್ರ ಬರುವ ರೆಕಾರ್ಡ್‌ಸೆಟ್ ಕೊಡುತ್ತದೆ. ಗ್ರಿಡ್‌ನಲ್ಲಿ ಮೇಲೆ ಕೆಳಗೆ ಹೋಗಬೇಕಲ್ಲ. ಹೊಸ ರೆಕಾರ್ಡ್‌ಸೆಟ್ ಮಾಡಿ, ಕಮಾಂಡನ್ನು ಅದರ ಓಪನ್ ಮೆಥಡ್‌ಗೆ ಕೊಡಿ.

ಪ್ರೊಸೀಜರ್ ಔಟ್‌ಪುಟ್ ಪ್ಯಾರಾಮೀಟರ್ ಕೂಡ ಕೊಡುತ್ತಿದ್ದರೆ, ಉದಾಹರಣೆಗೆ ಒಟ್ಟು ಮೊತ್ತ, ಅದನ್ನು ಓದಲು ಎಡಿಒದಲ್ಲಿ ನೇರ ದಾರಿ ಇದೆ. ಕ್ಲೈಂಟ್ ಕರ್ಸರ್ ಆದರೆ ಸಾಲುಗಳೆಲ್ಲ ಮೊದಲೇ ಬಂದಿರುತ್ತವೆ, ಹಾಗಾಗಿ ಔಟ್‌ಪುಟ್ ಮೌಲ್ಯವೂ ಕೂಡಲೇ ಸಿಗುತ್ತದೆ. ಪಾಸ್-ಥ್ರೂನಲ್ಲಿ ಅದಕ್ಕೆ ಸುತ್ತುದಾರಿ ಹಿಡಿಯಬೇಕು.

ಸಾಲು_ಕಂಬ

ಪ್ಯಾರಾಮೀಟರ್ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಬಳಸುವವರು ಟೈಪ್ ಮಾಡಿದ ಪಠ್ಯ ಪ್ರೊಸೀಜರ್‌ಗೆ ಹೋಗುವ ಕಡೆ ಎಡಿಒ ಹೆಚ್ಚು ಸುರಕ್ಷಿತ.

ಆದರೂ ನಾನು ಪಾಸ್-ಥ್ರೂ ಬಿಡುವುದಿಲ್ಲ. ಎಡಿಒ ರೆಕಾರ್ಡ್‌ಸೆಟ್‌ಗೆ ಕಟ್ಟಿದ ಫಾರ್ಮ್‌ನಲ್ಲಿ ಬಲ ಕ್ಲಿಕ್ ಮಾಡಿ ಫಿಲ್ಟರ್ ಹಾಕಲು ಹೋದರೆ ತೊಂದರೆ ಕೊಡುತ್ತದೆ. ರೆಕಾರ್ಡ್‌ಸೆಟ್‌ನ ಸ್ವಂತ ಫಿಲ್ಟರ್, ಸಾರ್ಟ್ ಬಳಸಿ ನೀವೇ ಬಟನ್ ಮಾಡಿಕೊಡಬೇಕಾಗುತ್ತದೆ. ರಿಪೋರ್ಟ್‌ಗಂತೂ ಎಡಿಒ ರೆಕಾರ್ಡ್‌ಸೆಟ್ ಕಟ್ಟಲು ಈಗಿನ ಆಕ್ಸೆಸ್ ಫೈಲ್‌ಗಳಲ್ಲಿ ಆಗುವುದೇ ಇಲ್ಲ. ಗ್ರಿಡ್‌ನಲ್ಲಿ ಕಂಡದ್ದನ್ನೇ ನಾಳೆ ಮುದ್ರಿಸಿ ಕೊಡಿ ಎನ್ನುತ್ತಾರೆ, ಅದು ಖಂಡಿತ. ಆಗ ಪಾಸ್-ಥ್ರೂ ಕ್ವೆರಿ ಇದ್ದರೆ ಫಾರ್ಮ್, ರಿಪೋರ್ಟ್ ಎರಡಕ್ಕೂ ಒಂದೇ ಮೂಲ.

ಹಳೇಪ್ರಾಜೆಕ್ಟ್

ಇದನ್ನೆಲ್ಲ ಓದುವಾಗ ಎಡಿಪಿ ನೆನಪಾಗುತ್ತದೆ. ಆಕ್ಸೆಸ್ 2000ರಲ್ಲಿ ಬಂದ ಆಕ್ಸೆಸ್ ಡೇಟಾ ಪ್ರಾಜೆಕ್ಟ್. ಅದರಲ್ಲಿ ಫಾರ್ಮ್‌ನ ರೆಕಾರ್ಡ್ ಸೋರ್ಸ್‌ಗೆ ಪ್ರೊಸೀಜರ್ ಹೆಸರನ್ನೇ ನೇರವಾಗಿ ಕೊಡಬಹುದಿತ್ತು. ಇನ್‌ಪುಟ್ ಪ್ಯಾರಾಮೀಟರ್ಸ್ ಅಂತ ಒಂದು ಪ್ರಾಪರ್ಟಿ ಇತ್ತು, ಅಲ್ಲಿ ಫಾರ್ಮ್‌ನ ಪೆಟ್ಟಿಗೆಯ ಹೆಸರು ಬರೆದರೆ ಮುಗಿಯಿತು. ಆಕ್ಸೆಸ್ 2013ರಲ್ಲಿ ಅದನ್ನು ತೆಗೆದುಹಾಕಿದರು.

ಇದನ್ನು ಹೇಳುವುದಕ್ಕೆ ಕಾರಣವಿದೆ. ಹುಡುಕಿದರೆ ಸಿಗುವ ಹಳೆಯ ಉತ್ತರಗಳಲ್ಲಿ ಬಹಳಷ್ಟು ಎಡಿಪಿಯವು. "ರೆಕಾರ್ಡ್ ಸೋರ್ಸ್‌ಗೆ ಪ್ರೊಸೀಜರ್ ಹೆಸರು ಕೊಡಿ" ಎಂದೋ, ಓಪನ್ ಸ್ಟೋರ್ಡ್ ಪ್ರೊಸೀಜರ್ ಎಂಬ ಆಜ್ಞೆ ಬಳಸಿ ಎಂದೋ ಎಲ್ಲಾದರೂ ಓದಿದರೆ, ಅದು ನಿಮ್ಮ ಫೈಲ್‌ಗೆ ಅನ್ವಯಿಸುವುದಿಲ್ಲ. ಹೊಸಬರು ಅದನ್ನು ಪ್ರಯತ್ನಿಸಿ ತಮ್ಮದೇ ಏನೋ ತಪ್ಪು ಎಂದು ಬೇಸರ ಮಾಡಿಕೊಳ್ಳುತ್ತಾರೆ.

ವರದಿ_ಬೇಕು

ನನ್ನದೂ ಹತ್ತಿರದ ಪ್ರಶ್ನೆ, ಇಲ್ಲೇ ಕೇಳುತ್ತೇನೆ. ಮೇಲೆ ಗ್ರಾಹಕರ ಫಾರ್ಮ್, ಕೆಳಗೆ ಸಬ್‌ಫಾರ್ಮ್‌ನಲ್ಲಿ ಪಾಸ್-ಥ್ರೂ ಕ್ವೆರಿ. ಎರಡನ್ನೂ ಜೋಡಿಸಲು ಹೋದರೆ, ಪಾಸ್-ಥ್ರೂ ಕ್ವೆರಿಯನ್ನು ಸಬ್‌ಫಾರ್ಮ್‌ಗೆ ಬಳಸುವಂತಿಲ್ಲ ಎನ್ನುತ್ತದೆ. ಜೊತೆಗೆ ನನ್ನ ಪ್ರೊಸೀಜರ್ ತಿಂಗಳಿಗೆ ಒಂದು ಕಾಲಂ ಕೊಡುತ್ತದೆ. ಆರು ತಿಂಗಳು ಕೇಳಿದರೆ ಆರು ಕಾಲಂ, ಒಂದು ವರ್ಷ ಕೇಳಿದರೆ ಹನ್ನೆರಡು. ಫಾರ್ಮ್‌ನಲ್ಲಿ ಪೆಟ್ಟಿಗೆಗಳನ್ನು ಮೊದಲೇ ಇಡುವುದು ಹೇಗೆ?

ಸಾಲು_ಕಂಬ

ಮೊದಲನೆಯದಕ್ಕೆ: ಲಿಂಕ್ ಮಾಸ್ಟರ್ ಫೀಲ್ಡ್ಸ್, ಲಿಂಕ್ ಚೈಲ್ಡ್ ಫೀಲ್ಡ್ಸ್ ಎರಡನ್ನೂ ಖಾಲಿ ಬಿಡಿ. ತಕರಾರು ಆ ಜೋಡಣೆಯ ಬಗ್ಗೆ ಮಾತ್ರ. ಮೇಲಿನ ಫಾರ್ಮ್‌ನ ಆನ್ ಕರೆಂಟ್ ಈವೆಂಟ್‌ನಲ್ಲಿ ಗ್ರಾಹಕರ ಸಂಖ್ಯೆ ಸೇರಿಸಿ ಕ್ವೆರಿಯ ಪಠ್ಯ ಬದಲಿಸಿ, ಸಬ್‌ಫಾರ್ಮ್‌ನ ರೆಕಾರ್ಡ್ ಸೋರ್ಸ್ ಮತ್ತೆ ಕೊಡಿ.

ಎರಡನೆಯದಕ್ಕೆ ಒಂದು ಒಳ್ಳೆಯ ಉಪಾಯ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಸಬ್‌ಫಾರ್ಮ್ ಕಂಟ್ರೋಲ್ ಒಳಗೆ ಫಾರ್ಮೇ ಇರಬೇಕು ಅಂತ ಇಲ್ಲ. ಅದರ ಸೋರ್ಸ್ ಆಬ್ಜೆಕ್ಟ್ ಪ್ರಾಪರ್ಟಿಗೆ ಕ್ವೆರಿ ಎಂಬ ಪದ, ಒಂದು ಚುಕ್ಕೆ, ಆಮೇಲೆ ಕ್ವೆರಿಯ ಹೆಸರು ಕೊಡಿ. ಆ ಕ್ವೆರಿಯ ಡೇಟಾಶೀಟ್ ನೇರವಾಗಿ ಅಲ್ಲೇ ತೆರೆದುಕೊಳ್ಳುತ್ತದೆ. ಎಷ್ಟು ಕಾಲಂ ಬಂದರೂ ಅಷ್ಟನ್ನೂ ತೋರಿಸುತ್ತದೆ. ಪಠ್ಯ ಬದಲಿಸುವ ಮೊದಲು ಸೋರ್ಸ್ ಆಬ್ಜೆಕ್ಟ್ ಖಾಲಿ ಮಾಡಿ, ಬದಲಿಸಿದ ಮೇಲೆ ಮತ್ತೆ ಕೊಡಿ. ಆಗ ಹೊಸ ಕಾಲಂಗಳು ಬರುತ್ತವೆ.

ರಿಪೋರ್ಟ್‌ಗೆ ಈ ಉಪಾಯ ಸಾಲದು. ಮುದ್ರಿಸುವ ಹಾಳೆಯ ಮೇಲೆ ಪ್ರತಿ ಕಾಲಂಗೆ ಜಾಗ ಮೊದಲೇ ಗೊತ್ತಿರಬೇಕು. ಅಲ್ಲಿ ನನ್ನ ಸಲಹೆ ಪ್ರೊಸೀಜರನ್ನೇ ಬದಲಿಸಿ ಎಂಬುದು. ಕಾಲಂಗಳಿಗೆ ತಿಂಗಳ ಹೆಸರು ಕೊಡುವ ಬದಲು ತಿಂಗಳು 1, ತಿಂಗಳು 2 ಹೀಗೆ ಹನ್ನೆರಡು ಸ್ಥಿರ ಹೆಸರು ಯಾವಾಗಲೂ ಬರಲಿ. ಬೇಡದವು ನಲ್ ಆಗಿರಲಿ. ಮೇಲಿನ ಶೀರ್ಷಿಕೆಯನ್ನು ಆರಂಭದ ತಾರೀಕಿನಿಂದ ರಿಪೋರ್ಟೇ ಲೆಕ್ಕ ಹಾಕಿಕೊಳ್ಳಲಿ.

ಸರ್ವರ್_ಪಕ್ಕ

ನಾನು ಪ್ರೊಸೀಜರ್ ಬರೆಯುವ ಕಡೆಯವಳು. ಪರದೆಯ ವಿಷಯ ನಿಮಗೆ ಬಿಟ್ಟಿದ್ದು. ಆದರೆ ಇಲ್ಲಿ ಬಂದ ತೊಂದರೆಗಳನ್ನು ಗಮನಿಸಿ. ನೋಕೌಂಟ್ ಇರಲಿಲ್ಲ, ಕಾಲಂಗಳು ಪ್ರತಿ ಸಲ ಬದಲಾಗುತ್ತವೆ. ಇವು ಪರದೆಯ ತೊಂದರೆಗಳಲ್ಲ, ಪ್ರೊಸೀಜರ್‌ನ ತೊಂದರೆಗಳು. ಅವನ್ನು ವಿಬಿಎಯಲ್ಲಿ ಸರಿಮಾಡಲು ಹೋದರೆ ಪ್ರತಿ ಫಾರ್ಮ್‌ನಲ್ಲೂ ಅದೇ ತೇಪೆ ಹಾಕುತ್ತಾ ಇರಬೇಕಾಗುತ್ತದೆ. ಬೇರೆ ಯಾರಾದರೂ ಅದೇ ಪ್ರೊಸೀಜರನ್ನು ಎಕ್ಸೆಲ್‌ನಿಂದ ಕರೆದರೆ ಅವರೂ ಮೊದಲಿಂದ ಒದ್ದಾಡಬೇಕು.

ಪರದೆಗೆ ಸಾಲು ಕೊಡುವ ಪ್ರೊಸೀಜರ್ ಒಂದು ಮಾತು ಕೊಟ್ಟ ಹಾಗೆ ಇರಬೇಕು. ಯಾವ ದಾರಿಯಲ್ಲಿ ಹೋದರೂ ಒಂದೇ ಫಲಿತಾಂಶ ಬರಬೇಕು. ಕೆಲವರು ತಾರೀಕು ತಪ್ಪಿದ್ದರೆ ಒಳಗಿಂದಲೇ "ತಾರೀಕು ಸರಿಯಿಲ್ಲ" ಎಂಬ ಒಂದು ಕಾಲಂನ ಸಾಲು ಕಳಿಸುತ್ತಾರೆ. ಪಾಪ, ಫಾರ್ಮ್ ಆ ಹೆಸರಿನ ಕಾಲಂ ಇಲ್ಲ ಎಂದು ಪೆಟ್ಟಿಗೆಗಳ ತುಂಬಾ ತಪ್ಪಿನ ಗುರುತು ತೋರಿಸುತ್ತದೆ. ತಪ್ಪಿದ್ದರೆ ಎರರ್ ಎತ್ತಿ, ಸಾಲಿನ ರೂಪದಲ್ಲಿ ಕಳಿಸಬೇಡಿ. ಪ್ರತಿ ಕಾಲಂಗೂ ಹೆಸರಿರಲಿ. ಮೊತ್ತಕ್ಕೆ ಹೆಸರು ಕೊಡದಿದ್ದರೆ ಆಕ್ಸೆಸ್ ತಾನೇ ಏನೋ ಒಂದು ಹೆಸರು ಇಟ್ಟುಕೊಳ್ಳುತ್ತದೆ, ಫಾರ್ಮ್ ಅದಕ್ಕೆ ಅಂಟಿಕೊಳ್ಳುತ್ತದೆ. ಕೊನೆಯ ಸೆಲೆಕ್ಟ್‌ಗೆ ಆರ್ಡರ್ ಬೈ ಇರಲಿ. ಅದಿಲ್ಲದಿದ್ದರೆ ಸಾಲುಗಳು ಇವತ್ತು ಬಂದ ಕ್ರಮದಲ್ಲೇ ನಾಳೆ ಬರುತ್ತವೆ ಎಂದು ಸರ್ವರ್ ಎಲ್ಲೂ ಭರವಸೆ ಕೊಟ್ಟಿಲ್ಲ.

ಬಹಳ ಮುಖ್ಯವಾದ ಇನ್ನೊಂದು ಮಾತು. ತೋರಿಸುವ ಪ್ರೊಸೀಜರ್ ಒಳಗೆ ಶಾಶ್ವತ ಟೇಬಲ್‌ಗಳಿಗೆ ಏನನ್ನೂ ಬರೆಯಬೇಡಿ. ರಿಪೋರ್ಟ್ ತೆರೆಯುವಾಗ, ಫಿಲ್ಟರ್ ಹಾಕುವಾಗ ಆಕ್ಸೆಸ್ ಅದೇ ಕ್ವೆರಿಯನ್ನು ಮತ್ತೆ ಓಡಿಸಬಹುದು. ಓದುವ ಪ್ರೊಸೀಜರ್ ಆದರೆ ಸ್ವಲ್ಪ ಸಮಯ ಹೋಗುತ್ತದೆ, ಅಷ್ಟೇ. ಒಳಗೆ ರಸೀದಿ ಸಂಖ್ಯೆ ಹೆಚ್ಚಿಸುವ ಕೆಲಸವೂ ಇದ್ದರೆ? ಬರೆಯುವುದಕ್ಕೆ ಬೇರೆ ಪ್ರೊಸೀಜರ್ ಮಾಡಿ. ಅದನ್ನು ರಿಟರ್ನ್ಸ್ ರೆಕಾರ್ಡ್ಸ್ ನೋ ಇರುವ ಬೇರೆ ಪಾಸ್-ಥ್ರೂ ಕ್ವೆರಿಯಿಂದ ಕರೆಯಿರಿ.

ಪ್ರೊಸೀಜರ್ ಬರೀ ಒಂದು ಸೆಲೆಕ್ಟ್ ಆಗಿದ್ದರೆ, ಅದು ಪ್ರೊಸೀಜರ್ ಆಗಬೇಕಾ ಅಂತಲೂ ಕೇಳಿಕೊಳ್ಳಿ. ವ್ಯೂ (ಹೆಸರಿಟ್ಟು ಉಳಿಸಿದ ಸೆಲೆಕ್ಟ್) ಮಾಡಿದರೆ ಆಕ್ಸೆಸ್ ಅದನ್ನು ಟೇಬಲ್ ಹಾಗೆಯೇ ಲಿಂಕ್ ಮಾಡಿಕೊಳ್ಳುತ್ತದೆ. ಲಿಂಕ್ ಮಾಡುವಾಗ ಯಾವ ಕಾಲಂ ಅನನ್ಯ ಅಂತ ಹೇಳಿದರೆ ತಿದ್ದಲೂ ಬರುತ್ತದೆ. ಗೋದಾಮು_ಗ್ರಿಡ್ ಅವರ ಲೆಕ್ಕಕ್ಕೆ ಟೆಂಪ್ ಟೇಬಲ್ ಬೇಕಾಗಿದೆ, ಹಾಗಾಗಿ ಅಲ್ಲಿ ಪ್ರೊಸೀಜರೇ ಸರಿ. ಅನುಮತಿ ವಿಷಯದಲ್ಲೂ ಪ್ರೊಸೀಜರ್ ಒಳ್ಳೆಯದು. ಪ್ರೊಸೀಜರ್, ಟೇಬಲ್ ಎರಡರ ಒಡೆತನ ಒಂದೇ ಆಗಿದ್ದರೆ, ಬಳಸುವವರಿಗೆ ಎಕ್ಸಿಕ್ಯೂಟ್ ಅನುಮತಿ ಮಾತ್ರ ಕೊಟ್ಟರೆ ಸಾಕು, ಟೇಬಲ್‌ಗಳ ಅನುಮತಿ ಬೇಕಿಲ್ಲ. ಒಳಗೆ ಡೈನಾಮಿಕ್ ಎಸ್‌ಕ್ಯುಎಲ್ (ಓಡುವಾಗ ಕಟ್ಟುವ ವಾಕ್ಯ) ಬಳಸಿದರೆ ಮಾತ್ರ ಈ ಅನುಕೂಲ ಸಿಗುವುದಿಲ್ಲ.

ಕ್ವೆರಿಕಾರ

ಸರ್ವರ್_ಪಕ್ಕ ಅವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಪ್ರೊಸೀಜರ್ ಹೀಗೆ ಅಚ್ಚುಕಟ್ಟಾಗಿದ್ದರೆ ಎಡಿಒ ಆಗಲಿ ಪಾಸ್-ಥ್ರೂ ಆಗಲಿ, ಯಾವುದನ್ನು ಬೇಕಾದರೂ ನಾಳೆ ಬದಲಿಸಬಹುದು.

ಒಂದು ಸೇರಿಸುತ್ತೇನೆ. ಎಡಿಒ ಕಟ್ಟಿದ ಗ್ರಿಡ್‌ನಲ್ಲಿ ತಿದ್ದಲೂ ಬರುತ್ತದೆ ಎಂದು ಕೇಳಿ ಯಾರಾದರೂ ಟೆಂಪ್ ಟೇಬಲ್‌ನ ಸಾಲುಗಳಿಗೆ ಅದನ್ನು ಪ್ರಯತ್ನಿಸಬೇಡಿ. ತಿದ್ದಿದ್ದನ್ನು ಯಾವ ಟೇಬಲ್‌ಗೆ ಬರೆಯಬೇಕು ಅಂತ ಎಡಿಒಗೆ ತಿಳಿಯುವುದಿಲ್ಲ. ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ, ಲಿಂಕ್ಡ್ ಟೇಬಲ್‌ಗೆ ಕಟ್ಟಿದ ಇನ್ನೊಂದು ಫಾರ್ಮ್ ಆ ಒಂದೇ ದಾಖಲೆಯೊಂದಿಗೆ ತೆರೆಯುವಂತೆ ಮಾಡಿ. ತಿದ್ದಿ ಮುಚ್ಚಿದ ಮೇಲೆ ಗ್ರಿಡ್ ಅನ್ನು ಮತ್ತೆ ತುಂಬಿ.

ಗೋದಾಮು_ಗ್ರಿಡ್

ಪಾಸ್-ಥ್ರೂ ದಾರಿಯಲ್ಲೇ ಹೋದೆ, ಗ್ರಿಡ್ ಬರುತ್ತಿದೆ. ರಿಪೋರ್ಟ್ ಕೂಡ ಬೇಕು ಅಂತ ಆಗಲೇ ಕೇಳಿದ್ದಾರೆ!

ಈಗ ಉಳಿದಿರುವುದು ವೇಗ. ಸಣ್ಣ ಗೋದಾಮುಗಳಿಗೆ ಕೂಡಲೇ ಬರುತ್ತದೆ. ದೊಡ್ಡ ಗೋದಾಮು ಆರಿಸಿದರೆ ತುಂಬಾ ಹೊತ್ತು ಕಾದು, ಕೊನೆಗೆ ಒಡಿಬಿಸಿ ಟೈಮ್‌ಔಟ್. ಅದೇ ಮೌಲ್ಯಗಳನ್ನು ಮ್ಯಾನೇಜ್‌ಮೆಂಟ್ ಸ್ಟುಡಿಯೊದಲ್ಲಿ ಕೊಟ್ಟರೆ ಎರಡು ಮೂರು ಸೆಕೆಂಡು. ಆಕ್ಸೆಸ್ ನಿಧಾನ ಅಂತ ಎಲ್ಲರೂ ಹೇಳುತ್ತಿದ್ದಾರೆ. ನಿಜವಾ?

ಸರ್ವರ್_ಪಕ್ಕ

ಆಕ್ಸೆಸ್ ಮೇಲೆ ಹೊರಿಸಬೇಡಿ. ಲೆಕ್ಕ ಮಾಡುವುದು ಎರಡೂ ಸಲ ಸರ್ವರೇ. ವ್ಯತ್ಯಾಸ ಬೇರೆ ಕಡೆ ಇದೆ.

ಪ್ರೊಸೀಜರ್ ಮೊದಲ ಸಲ ಓಡುವಾಗ ಆಗ ಬಂದ ಪ್ಯಾರಾಮೀಟರ್ ನೋಡಿ, ಸಾಲುಗಳನ್ನು ಹೇಗೆ ಹುಡುಕಬೇಕು ಅಂತ ಸರ್ವರ್ ಒಂದು ಯೋಜನೆ ಮಾಡಿಕೊಂಡು ಅದನ್ನು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಬಂದವರಿಗೂ ಅದನ್ನೇ ಬಳಸುತ್ತದೆ. ಮೊದಲು ಸಣ್ಣ ಗೋದಾಮು ಕೇಳಿದ್ದರೆ ಯೋಜನೆ ಸ್ವಲ್ಪ ಸಾಲುಗಳಿಗೆ ಹೊಂದುವಂಥದ್ದು. ಲಕ್ಷಗಟ್ಟಲೆ ಸಾಲಿನ ಗೋದಾಮಿಗೆ ಅದು ನಿಧಾನ.

ಹಾಗಾದರೆ ಸ್ಟುಡಿಯೊದಲ್ಲಿ ಯಾಕೆ ವೇಗ? ಸ್ಟುಡಿಯೊ ಅರಿತ್‌ಅಬಾರ್ಟ್ ಎಂಬ ಸೆಟ್ಟಿಂಗನ್ನು ಆನ್ ಮಾಡಿಕೊಂಡು ಓಡಿಸುತ್ತದೆ. ಒಡಿಬಿಸಿ ಹಾಗೆ ಮಾಡುವುದಿಲ್ಲ. ಸೆಟ್ಟಿಂಗ್ ಬೇರೆ ಇದ್ದರೆ ಸರ್ವರ್ ಬೇರೆ ಯೋಜನೆ ಇಟ್ಟುಕೊಳ್ಳುತ್ತದೆ. ನೀವು ಸ್ಟುಡಿಯೊದಲ್ಲಿ ದೊಡ್ಡ ಗೋದಾಮನ್ನೇ ಮೊದಲು ಕೇಳಿದ್ದೀರಿ, ಅದಕ್ಕೆ ಹೊಂದುವ ಯೋಜನೆ ಸಿಕ್ಕಿದೆ. ಅಷ್ಟೇ ವಿಷಯ. ಆ ಸೆಟ್ಟಿಂಗನ್ನು ಬದಲಿಸಿದರೆ ಸರಿಹೋದ ಹಾಗೆ ಕಾಣುತ್ತದೆ. ಆದರೆ ಅದು ಹೊಸ ಯೋಜನೆ ಹುಟ್ಟಿದ್ದರಿಂದ ಮಾತ್ರ, ಮೂಲ ಕಾರಣ ಹಾಗೇ ಇರುತ್ತದೆ.

ನಿಧಾನವಾಗಿರುವ ಆ ಒಂದು ಸೆಲೆಕ್ಟ್ ಅಥವಾ ಇನ್ಸರ್ಟ್ ವಾಕ್ಯದ ಕೊನೆಗೆ ಆಪ್ಶನ್ ರಿಕಂಪೈಲ್ ಹಾಕಿಸಿ. ಪ್ರತಿ ಸಲ ಹೊಸ ಯೋಜನೆ ಮಾಡುತ್ತದೆ. ಬಟನ್ ಒತ್ತಿದಾಗ ಮಾತ್ರ ಓಡುವ ಇಂಥ ಲೆಕ್ಕಕ್ಕೆ ಆ ಖರ್ಚು ಏನೂ ಅಲ್ಲ. ತಾರೀಕು ಮತ್ತು ಗೋದಾಮು ಕೋಡ್ ಮೇಲೆ ಇಂಡೆಕ್ಸ್ ಇದೆಯಾ ಅಂತಲೂ ನೋಡಿಸಿ.

ಸಾಲು_ಕಂಬ

ಟೈಮ್‌ಔಟ್ ಬಗ್ಗೆ: ಪಾಸ್-ಥ್ರೂ ಕ್ವೆರಿಯ ಒಡಿಬಿಸಿ ಟೈಮ್‌ಔಟ್ ಪ್ರಾಪರ್ಟಿ ಮೊದಲಿಗೆ 60 ಸೆಕೆಂಡ್ ಇರುತ್ತದೆ. ಎಡಿಒದ ಕಮಾಂಡ್ ಟೈಮ್‌ಔಟ್ 30. ತಿಂಗಳ ಕೊನೆಯ ದೊಡ್ಡ ವರದಿಗೆ ಅದನ್ನು ಹೆಚ್ಚಿಸುವುದು ಸರಿ. ಸೊನ್ನೆ ಮಾಡಿದರೆ ಎಷ್ಟು ಹೊತ್ತಾದರೂ ಕಾಯುತ್ತದೆ, ಅಷ್ಟು ಹೊತ್ತೂ ಆಕ್ಸೆಸ್ ಸ್ತಬ್ಧ. ಗ್ರಿಡ್‌ಗೆ ಸೊನ್ನೆ ಕೊಡಬೇಡಿ. ಬಳಸುವವರು ಅಪ್ಲಿಕೇಶನ್ ಸತ್ತಿತು ಅಂದುಕೊಂಡು ಟಾಸ್ಕ್ ಮ್ಯಾನೇಜರ್‌ನಿಂದ ಮುಚ್ಚುತ್ತಾರೆ, ಫೈಲ್ ಕೆಡುತ್ತದೆ.

ಸಾಲುಗಳು ಜಾಸ್ತಿ ಇದ್ದು ಒಂದೇ ಫಲಿತಾಂಶದ ಮೇಲೆ ಹಲವು ರಿಪೋರ್ಟ್ ಬೇಕಾದರೆ, ಪಾಸ್-ಥ್ರೂನಿಂದ ಒಂದು ಲೋಕಲ್ ಟೇಬಲ್‌ಗೆ ತುಂಬಿಕೊಂಡು ಅದರ ಮೇಲೆ ಕೆಲಸ ಮಾಡಿ. ಸರ್ವರ್ ಒಂದೇ ಸಲ ದುಡಿಯುತ್ತದೆ. ತುಂಬುವುದು, ಅಳಿಸುವುದು ನಡೆಯುತ್ತಾ ಫೈಲ್ ಉಬ್ಬುತ್ತದೆ, ಆಕ್ಸೆಸ್ ಫೈಲ್‌ನ ಮಿತಿ 2 ಜಿಬಿ. ಆ ಟೇಬಲ್ಲನ್ನು ಬೇರೆ ಫೈಲ್‌ನಲ್ಲಿಟ್ಟು ಲಿಂಕ್ ಮಾಡಿದರೆ ಆ ಫೈಲನ್ನು ಆಗಾಗ ಅಳಿಸಿ ಹೊಸದು ಮಾಡಬಹುದು.

ವರದಿ_ಬೇಕು

ಸೋರ್ಸ್ ಆಬ್ಜೆಕ್ಟ್ ಉಪಾಯ ಚೆನ್ನಾಗಿ ಕೆಲಸ ಮಾಡಿತು, ತುಂಬಾ ಧನ್ಯವಾದ. ಒಂದು ವಿಚಿತ್ರ: ಕೆಲವು ತಾರೀಕಿನ ಕಾಲಂಗಳು ಪಠ್ಯವಾಗಿ ಬರುತ್ತಿವೆ. ಎಡಕ್ಕೆ ಅಂಟಿಕೊಂಡಿವೆ, ಫಾರ್ಮ್ಯಾಟ್ ಹಾಕಿದರೂ ಬದಲಾಗುವುದಿಲ್ಲ.

ಹಳೇಪ್ರಾಜೆಕ್ಟ್

ಸರ್ವರ್‌ನಲ್ಲಿ ಆ ಕಾಲಂ ಡೇಟ್ ಅಥವಾ ಡೇಟ್‌ಟೈಮ್2 ಬಗೆಯದಾಗಿರುತ್ತದೆ. ವಿಂಡೋಸ್ ಜೊತೆ ಬರುವ ಹಳೆಯ ಡ್ರೈವರ್ ಹೆಸರು ಸುಮ್ನೆ "ಎಸ್‌ಕ್ಯುಎಲ್ ಸರ್ವರ್" ಅಂತ ಇರುತ್ತದೆ. ಅದಕ್ಕೆ ಈ ಹೊಸ ಬಗೆಗಳು ಗೊತ್ತಿಲ್ಲ, ಪಠ್ಯ ಅಂತ ಕೊಡುತ್ತದೆ. ಒಡಿಬಿಸಿ ಡ್ರೈವರ್ 17 ಅಥವಾ 18 ಹಾಕಿಕೊಂಡು ಕನೆಕ್ಟ್ ಸ್ಟ್ರಿಂಗ್‌ನಲ್ಲಿ ಹೆಸರು ಬದಲಿಸಿ. 18ರಲ್ಲಿ ಎನ್‌ಕ್ರಿಪ್ಶನ್ ಕಡ್ಡಾಯ ಎಂಬುದೇ ತಾನಾಗಿ ಇರುವ ಸೆಟ್ಟಿಂಗ್. ಸರ್ವರ್‌ನ ಸರ್ಟಿಫಿಕೇಟನ್ನು ನಿಮ್ಮ ಕಂಪ್ಯೂಟರ್ ನಂಬದಿದ್ದರೆ ಸಂಪರ್ಕವೇ ಆಗುವುದಿಲ್ಲ. ಸರಿಯಾದ ಸರ್ಟಿಫಿಕೇಟ್ ಹಾಕಿಸುವುದು ಒಳ್ಳೆಯ ದಾರಿ. ಬರೀ ಪರೀಕ್ಷೆಗೆ ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್ ಯೆಸ್ ಮಾಡಿ ನೋಡಬಹುದು.

ಡ್ರೈವರ್ ಬದಲಿಸಿದರೆ ಎಲ್ಲರ ಕಂಪ್ಯೂಟರ್‌ನಲ್ಲೂ ಅದೇ ಡ್ರೈವರ್ ಇರಬೇಕು. 64 ಬಿಟ್ ಆಫೀಸ್‌ಗೆ 64 ಬಿಟ್ ಡ್ರೈವರೇ ಬೇಕು.

ಗೋದಾಮು_ಗ್ರಿಡ್

ರಿಕಂಪೈಲ್ ಹಾಕಿಸಿದ ಮೇಲೆ ದೊಡ್ಡ ಗೋದಾಮೂ ಕೂಡಲೇ ಬರುತ್ತಿದೆ. ಸರ್ವರ್ ಕಡೆಯವರಿಗೆ ಮೇಲಿನ ಬರಹ ತೋರಿಸಿದೆ. ಇನ್ನು ಮುಂದೆ ಪರದೆಗೆ ಕೊಡುವ ಎಲ್ಲ ಪ್ರೊಸೀಜರ್‌ಗಳಿಗೂ ಕಾಲಂ ಹೆಸರು, ಕ್ರಮ ಮೊದಲೇ ಬರೆದಿಟ್ಟು ನನಗೆ ಕೊಡುತ್ತಾರಂತೆ.

ಕೊನೆಯ ಪ್ರಶ್ನೆ. ಇದನ್ನು ಈಗ ಎಲ್ಲರಿಗೂ ಕೊಡಬೇಕು. ಆಕ್ಸೆಸ್ ಫೈಲನ್ನು ನೆಟ್‌ವರ್ಕ್ ಫೋಲ್ಡರ್‌ನಲ್ಲಿಟ್ಟು ಎಲ್ಲರೂ ಅಲ್ಲಿಂದಲೇ ತೆರೆದರೆ ಆಗುತ್ತದಾ?

ಸಾಲು_ಕಂಬ

ಬೇಡ, ಅದರಲ್ಲೂ ಈ ವಿಧಾನದಲ್ಲಿ ಖಂಡಿತ ಬೇಡ. ನೀವು ಬಟನ್ ಒತ್ತಿದಾಗ ಉಳಿಸಿದ ಕ್ವೆರಿಯ ಪಠ್ಯವೇ ಬದಲಾಗುತ್ತದೆ. ಫೈಲ್ ಒಂದೇ ಆದರೆ ಕ್ವೆರಿಯೂ ಎಲ್ಲರಿಗೂ ಒಂದೇ. ನೀವು ಒಂದು ಗೋದಾಮು ಆರಿಸಿ ರಿಪೋರ್ಟ್ ತೆರೆಯುವಷ್ಟರಲ್ಲಿ ಪಕ್ಕದವರು ಬೇರೆ ಗೋದಾಮು ಆರಿಸಿದರೆ, ನಿಮ್ಮ ಹಾಳೆಯ ಮೇಲೆ ಅವರ ಲೆಕ್ಕ ಮುದ್ರಣವಾಗುತ್ತದೆ.

ಪ್ರತಿಯೊಬ್ಬರ ಕಂಪ್ಯೂಟರ್‌ಗೂ ಫೈಲ್‌ನ ಸ್ವಂತ ಪ್ರತಿ ಕೊಡಿ. ಹೊಸ ಆವೃತ್ತಿ ಬಂದಾಗ ನೆಟ್‌ವರ್ಕ್ ಫೋಲ್ಡರ್‌ನಿಂದ ಅದನ್ನು ನಕಲು ಮಾಡಿ ತೆರೆಯುವ ಒಂದು ಸಣ್ಣ ಬ್ಯಾಚ್ ಫೈಲ್ ಸಾಕು. ಅವರ ಡೆಸ್ಕ್‌ಟಾಪ್‌ನ ಶಾರ್ಟ್‌ಕಟ್ ಆ ಬ್ಯಾಚ್ ಫೈಲ್‌ಗೆ ಇರಲಿ. ಹಂಚುವ ಮೊದಲು ಪಾಸ್-ಥ್ರೂ ಕ್ವೆರಿಯ ಪಠ್ಯದಲ್ಲಿ ಒಂದು ಸಣ್ಣ ಅವಧಿಯ ತಾರೀಕು ಇಟ್ಟು ಸೇವ್ ಮಾಡಿ. ಫಾರ್ಮ್ ತೆರೆದ ಕೂಡಲೇ ಕ್ವೆರಿ ಒಮ್ಮೆ ಓಡುತ್ತದೆ. ನೀವು ಪರೀಕ್ಷೆಗೆ ಕೊಟ್ಟ ಇಡೀ ವರ್ಷದ ಅವಧಿ ಅಲ್ಲೇ ಉಳಿದಿದ್ದರೆ, ಎಲ್ಲರೂ ಬೆಳಿಗ್ಗೆ ಫಾರ್ಮ್ ತೆರೆದಾಗ ಆ ದೊಡ್ಡ ಲೆಕ್ಕ ಒಟ್ಟಿಗೇ ಸರ್ವರ್ ಮೇಲೆ ಬೀಳುತ್ತದೆ.